ಗೇಣುದ್ದದ ಬಾಳೆ ಮೀನು

ಬೆಳಗ್ಗೆ ಪಾತ್ರೆ ತೊಳೆದ ನೀರನ್ನ ದಾಸವಾಳದ ಬುಡಕ್ಕೆ ಹಾಕ್ತಿದ್ದೆ, ಬೇಲಿ ಆಚೆಯಿಂದ ಪಕ್ಕದ ಮನೆ ಅಕ್ಕ ಮೊಬೈಲು ಚಾಚಿದಳು. "ನೋಡೇ ಮಾರಾಯ್ತಿ, ನಮ್ಮ ಹುಡುಗ ಮೀನು ಹಿಡಿದಿದ್ದಾನೆ." ಕನ್ನಡಕ ಒಳಗಿತ್ತು. ಕಣ್ಣು ಕಿರಿದು ಮಾಡಿ ನೋಡಿದರೆ ಹುಡುಗ ಕಂಡ, ದೋಣಿ ಕಂಡಿತು, ಹಿಂದಿನ ಕೆರೆಯೂ ಕಂಡಿತು, ಮೀನೇ ಇಲ್ಲ! ಬೆರಳಲ್ಲಿ ಚಿತ್ರ ಹಿಗ್ಗಿಸಿದ ಮೇಲೆ ಸಿಕ್ಕಿತು, ಅಂಗೈ ಮೇಲೆ ಮಲಗಿದ್ದ ಒಂದು ಗೇಣಿನ ಮರಿ.

ಹುಡುಗ ಇರೋದು ಅಮೆರಿಕದ ಮಿನೆಸೋಟದಲ್ಲಿ. ಅಲ್ಲಿ ಗಾಳ ಹಾಕೋರಿಗೆ ಮಸ್ಕಿ ಅನ್ನೋ ಮೀನಿನ ಹುಚ್ಚು. ಮಸ್ಕಿ ಅಂದಕೂಡಲೇ ನನ್ನ ತಲೆ ರಾಯಚೂರಿನ ಕಡೆ ಓಡಿತು. ಅಶೋಕನ ಹೆಸರಿರೋ ಶಾಸನ 1915ರಲ್ಲಿ ಸಿಕ್ಕಿದ ಊರಲ್ವಾ ಅದು? ಈ ಮಸ್ಕಿಯೇ ಬೇರೆ. ಚಪ್ಪಟೆ ಮೂತಿ, ಬಾಯಿ ತುಂಬ ಹಲ್ಲು, ಜೊಂಡಿನ ಮರೆಯಲ್ಲಿ ಮಿಸುಕದೆ ನಿಂತು ಬಾಣದ ಹಾಗೆ ನುಗ್ಗೋ ಜಾತಿ. ಹತ್ತು ಸಾವಿರ ಸಲ ಗಾಳ ಎಸೆದರೆ ಒಂದು ಸಿಗುತ್ತೆ ಅಂತ ಅಲ್ಲಿನವರ ಮಾತು. ಸಿಕ್ಕರೂ ಅಲ್ಲಿನ ಬಹುಪಾಲು ಕೆರೆಗಳಲ್ಲಿ 54 ಅಂಗುಲಕ್ಕಿಂತ ಗಿಡ್ಡ ಇದ್ದರೆ ಮನೆಗೆ ಒಯ್ಯೋ ಹಾಗಿಲ್ಲ. ನಾಲ್ಕೂವರೆ ಅಡಿ! ನಮ್ಮ ಅಕ್ಕನ ಭುಜದವರೆಗೆ ಬರುತ್ತೆ.

ಅಂಥ ಮೀನಿಗಾಗಿ ಕಾದವನಿಗೆ ಸಿಕ್ಕಿದ್ದು ಈ ಕೂಸು. ದೋಣಿಯಲ್ಲಿದ್ದ ಸ್ನೇಹಿತರೆಲ್ಲ ಬಿದ್ದೂ ಬಿದ್ದೂ ನಗ್ತಿದ್ದಾರೆ. ನನಗೆ ಹಿಡಿಸಿದ್ದು ಇನ್ನೊಂದು ವಿಷಯ. ಗಾಳಕ್ಕೆ ಕಟ್ಟಿದ್ದ ಮರದ ಮೀನು ಇದೆಯಲ್ಲ, ಅದೂ ಹೆಚ್ಚುಕಮ್ಮಿ ಈ ಮರಿಯಷ್ಟೇ ಉದ್ದ! ತನ್ನಷ್ಟೇ ದೊಡ್ಡದನ್ನ ನುಂಗ್ತೀನಿ ಅಂತ ಹೊರಟಿತ್ತಲ್ಲ, ಏನು ಗಟ್ಟಿ ಗುಂಡಿಗೆ ಇರಬೇಕು ಅದಕ್ಕೆ. ಮೂರು ವರ್ಷದ ಮಗು ಇಡೀ ಹೋಳಿಗೆ ನನಗೇ ಬೇಕು ಅಂತ ಎರಡೂ ಕೈ ಚಾಚುತ್ತಲ್ಲ, ಹಾಗೆ.

ನಮ್ಮ ಹೊಳೆಯಲ್ಲಿ ಅದರ ಜೋಡಿ ಯಾವುದು ಅಂದರೆ ನಾನು ಬಾಳೆ ಮೀನು ಅಂತೀನಿ. ಕುಲ ಬೇರೆ, ಗುಣ ಒಂದೇ. ಸೀಳಿದ ಹಾಗೆ ಕಣ್ಣಿನ ಆಚೆವರೆಗೂ ಹೋಗೋ ಬಾಯಿ, ಉದ್ದನೆ ಮೀಸೆ, ಹುರುಪೆ ಇಲ್ಲದ ನುಣ್ಣನೆ ಮೈ, ಮೀಟರಿಗೂ ಮೀರಿ ಬೆಳೆಯೋ ದೇಹ. ಇದರ ಮರಿಗಳು ಮೊಟ್ಟೆಯೊಡೆದು ಸ್ವಲ್ಪ ದಿನಕ್ಕೇ ಒಡಹುಟ್ಟಿದವರನ್ನೇ ತಿನ್ನೋಕೆ ಶುರು ಮಾಡುತ್ವೆ. ಮಸ್ಕಿ ಮರಿಗಳದ್ದೂ ಅದೇ ಕಥೆ. ಹಾಗಾಗಿ ಗೇಣುದ್ದ ಆಗಿದೆ ಅಂದರೆ ಅದು ಎಷ್ಟು ಅಣ್ಣತಮ್ಮಂದಿರನ್ನ ದಾಟಿ ಬಂದಿರಬೇಕು, ಲೆಕ್ಕ ಹಾಕಿ.

ನಾನು ಅಂಥದ್ದೊಂದು ಮರಿಯನ್ನ ಮೊದಲು ನೋಡಿದ್ದು ಭದ್ರಾವತಿಯಲ್ಲಿ. ಚಿಕ್ಕಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಕಾರ್ಖಾನೆ 1923ರಲ್ಲಿ ಶುರುವಾದದ್ದು. ಅದಕ್ಕೂ ಮೊದಲು ಊರಿಗೆ ಬೆಂಕಿಪುರ ಅಂತ ಹೆಸರಿತ್ತು, ಆಮೇಲೆ ನದಿಯ ಹೆಸರೇ ಊರಿನದ್ದಾಯಿತು. ಕುಲುಮೆ ಬಂದ ಮೇಲೆ ಬೆಂಕಿ ಹೋಗಿ ಭದ್ರೆ ಉಳಿದಳು, ವಿಚಿತ್ರ ಅಲ್ವಾ? ಇರಲಿ, ಎಲ್ಲಿದ್ದೆ... ಹಾಂ, ಚಿಕ್ಕಪ್ಪ. ರಾತ್ರಿ ಪಾಳಿ ಮುಗಿಸಿ ಬಂದವರು ಮಲಗೋ ಬದಲು ಬಿದಿರು ಕೋಲು ಹಿಡಿದು ಹೊಳೆಗೆ ಹೋಗೋರು. ಎರೆಹುಳು ಅಗೆದು ತೆಂಗಿನ ಚಿಪ್ಪಲ್ಲಿ ತುಂಬಿಕೊಡೋದು ನನ್ನ ಕೆಲಸ. ಒಂದು ದಿನ ಬೆಂಡು ಪುಳಕ್ಕನೆ ಮುಳುಗಿತು. ಎಳೆದರೆ ಗೇಣುದ್ದದ ಬಾಳೆ ಮೀನು, ಮೀಸೆ ಮಾತ್ರ ಯಜಮಾನರ ಹಾಗೆ! ನಾನು ನಕ್ಕೆ. ಚಿಕ್ಕಪ್ಪ ನಗಲಿಲ್ಲ. ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ, "ಇದು ಇಲ್ಲೇ ಹುಟ್ಟಿದ್ದು ಕಣೇ" ಅಂದು ನೀರಿಗಿಟ್ಟರು. ಅಷ್ಟೇ ಮಾತು.

ಆ ಮಾತಿನ ತೂಕ ಗೊತ್ತಾಗೋಕೆ ನನಗೆ ಬಹಳ ವರ್ಷ ಬೇಕಾಯಿತು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ, ಗಾಜನೂರಿನ ತುಂಗಾ ಅಣೆಕಟ್ಟೆ ನಮಗೆಲ್ಲ ಅನ್ನ ಕೊಟ್ಟಿವೆ, ನಿಜ. ಆದರೆ ಮೀನಿಗೆ ಅವು ಬಾಗಿಲಿಲ್ಲದ ಗೋಡೆ. ಮಳೆಗಾಲದಲ್ಲಿ ಮೊಟ್ಟೆಯಿಡೋಕೆ ಮೇಲಕ್ಕೆ ಹತ್ತೋ ಮೀನು ಅಲ್ಲೇ ನಿಲ್ಲಬೇಕು. ಕಾಟ್ಲಾ, ರೋಹುವಿನ ಮರಿಗಳನ್ನ ಮೀನುಮರಿ ಕೇಂದ್ರಗಳಲ್ಲಿ ಬೆಳೆಸಿ ತಂದು ಬಿಡ್ತಾರೆ. ಅವು ಮೂಲತಃ ಗಂಗೆಯ ಕಡೆಯವು, ನಮ್ಮ ನೀರಿಗೆ ಒಗ್ಗಿಕೊಂಡಿವೆ. ಸಾಕಿದ ಮರಿಗಳನ್ನೇ ತಿಂದುಹಾಕೋ ಬಾಳೆ ಮೀನನ್ನ ಯಾರು ತಂದು ಬಿಡ್ತಾರೆ ಹೇಳಿ? ಹಾಗಾಗಿ ಗೇಣುದ್ದದ್ದೊಂದು ಗಾಳಕ್ಕೆ ಬಂತು ಅಂದರೆ, ಹೊಳೆಯಲ್ಲಿ ಎಲ್ಲೋ ಒಂದು ಕಡೆ ಬಾಣಂತಿ ಕೋಣೆ ಇನ್ನೂ ಇದೆ ಅಂತ. ಜಗತ್ತಿನ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿ ಬಾಳೆ ಮೀನೂ ಅಪಾಯದ ಸಾಲಿಗೆ ಸೇರಿದೆ ಈಗ. ದೊಡ್ಡ ಮೀನು ಹಿಡಿದ ಫೋಟೋ ನೋಡಿ ಖುಷಿಪಡೋ ನಾವು, ಚಿಕ್ಕದು ಸಿಕ್ಕ ದಿನ ಅದಕ್ಕಿಂತ ಹೆಚ್ಚು ಖುಷಿಪಡಬೇಕು ಅಂತ ನನ್ನ ಅನಿಸಿಕೆ.

ಹತ್ತುಮೀನಿನ ನೆನಪಿದೆಯಾ ನಿಮಗೆ? ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಹತ್ತಿ ಬರೋದು, ರಾತ್ರಿ ದೊಂದಿ ಹಿಡಿದು, ಕತ್ತಿ ಹಿಡಿದು ಗಂಡಸರೆಲ್ಲ ಇಳಿಯೋದು. ತೀರ್ಥಹಳ್ಳಿ ಕಡೆ ಅಜ್ಜನ ಮನೆಯಲ್ಲಿ ಆ ರಾತ್ರಿ ನಿದ್ದೆಯೇ ಇಲ್ಲ. ಮೊಟ್ಟೆ ತುಂಬಿದ ಮೀನಿನ ಸಾರಿನ ರುಚಿ ಇವತ್ತಿಗೂ ನಾಲಿಗೆಯಲ್ಲಿದೆ, ಸುಳ್ಳು ಹೇಳಲ್ಲ. ಆದರೆ ಆ ಒಂದೊಂದು ಮೊಟ್ಟೆಯ ಗಂಟಿನಲ್ಲಿ ಎಷ್ಟು ಸಾವಿರ ಮರಿ ಇತ್ತೋ, ಈಗ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಏನೋ ಆಗುತ್ತೆ.

ಅದೇ ತೀರ್ಥಹಳ್ಳಿ ಹತ್ತಿರ ಚಿಪ್ಪಲಗುಡ್ಡೆ ಮತ್ಸ್ಯಧಾಮಕ್ಕೆ ಹೋಗಿ ನೋಡಿ. ತುಂಗೆಯಲ್ಲಿ ದೇವರ ಮೀನುಗಳು, ಅಂದರೆ ಮಹಶೀರ್, ಕಾಲ ಬುಡಕ್ಕೇ ಬರುತ್ವೆ. ಶೃಂಗೇರಿಯಲ್ಲೂ ಹಾಗೇ. ಎಲ್ಲರೂ ದೊಡ್ಡವನ್ನ ತೋರಿಸಿ ಅಬ್ಬಾ ಅಂತಾರೆ, ನಾನು ದೊಡ್ಡವುಗಳ ನಡುವೆ ಬೆರಳುದ್ದದವು ಇದ್ದಾವಾ ಅಂತ ಹುಡುಕ್ತೀನಿ. ದೊಡ್ಡದರ ಮಾತಿಗೆ ಬಂದರೆ, ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು ತೂಗಿತ್ತು. ಕಿಲೋ ಲೆಕ್ಕದಲ್ಲಿ ಎಷ್ಟು ಗೊತ್ತಾ? 54! ಅಲ್ಲಿ 54 ಅಂಗುಲ, ಇಲ್ಲಿ 54 ಕಿಲೋ. ಇದನ್ನ ಅಕ್ಕನಿಗೆ ಹೇಳಿದರೆ, "ನನ್ನ ತೂಕವೂ ಅಷ್ಟೇ ಕಣೇ" ಅಂದಳು. ನಕ್ಕೂ ನಕ್ಕೂ ನನ್ನ ಕೈಲಿದ್ದ ಪಾತ್ರೆ ಬೇಲಿ ಆಚೆ ಬಿತ್ತು.

ಪಾತ್ರೆ ಎತ್ತಿಕೊಡುವಾಗ ಅಕ್ಕನಿಗೆ ಒಂದು ಯೋಚನೆ ಬಂತು. "ಅಲ್ವೇ, ಅವನು ಹಿಡಿದದ್ದೂ ಅಲ್ಲೇ ಹುಟ್ಟಿದ್ದಾ?" ಹೇಳೋದು ಕಷ್ಟ. ಅಲ್ಲಿ ಮಸ್ಕಿ ಮರಿಗಳನ್ನ ಸಾಕಿ, ಗೇಣಿಗಿಂತ ಸ್ವಲ್ಪ ಉದ್ದ ಆದಮೇಲೆ ಚಳಿಗಾಲಕ್ಕೆ ಮೊದಲು ಕೆರೆಗೆ ಬಿಡೋ ಪದ್ಧತಿ ಇದೆ. ಸಾಕಿದ್ದೋ, ಕೆರೆಯದ್ದೇ ಕೂಸೋ. "ಬಿಟ್ಟನಾ ಇಲ್ವಾ ಅದನ್ನ ಮೊದಲು ಕೇಳು" ಅಂದೆ. ಇಲ್ಲಿ ಎಂಟು ಗಂಟೆ, ಅಲ್ಲಿ ಹಿಂದಿನ ರಾತ್ರಿ ಒಂಬತ್ತೂವರೆ, ಮಲಗಿರಲ್ಲ. ಅಕ್ಕ ಮೊಬೈಲನ್ನ ಬಾಯಿ ಹತ್ತಿರ ಹಿಡಿದು, ಹೊಳೆ ಆಚೆಯವರಿಗೆ ಕೂಗೋ ಹಾಗೆ ಕೇಳಿದಳು.

ಒಳಗೆ ಅವಳ ಕುಕ್ಕರು ಮೂರನೇ ಸಲ ಕೂಗಿತು, ಇಬ್ಬರೂ ಅಲ್ಲಾಡಲಿಲ್ಲ. ಉತ್ತರ ಬಂತು, ಪುಟ್ಟ ವಿಡಿಯೋ. ಒದ್ದೆ ಕೈ, ನೀರು, ಒಂದು ಕ್ಷಣ ಸುಮ್ಮನೆ ನಿಂತ ಮರಿ, ಆಮೇಲೆ ಬರೀ ಅಲೆ. ಅಕ್ಕ ಅದನ್ನ ಇನ್ನೊಂದು ಸಲ ಹಾಕಿದಳು.