ನಿವೃತ್ತ ಗೆಟ್ಸ್ ಸಾಹೇಬರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಗೆಟ್ಸ್ ಸಾಹೇಬರೇ,

ಮಿರಜದಿಂದ ನಮಸ್ಕಾರ. ಜತ್ತ ಕಡೆಯ ಕನ್ನಡ ಶಾಲೆಗಳಲ್ಲಿ ಕಲಿತು, ಇಲ್ಲಿಗೆ ಬಂದು ಡಿಪ್ಲೊಮಾ ಓದುವ ಹುಡುಗರಿಗೆ ಸಂಜೆ ಹೊತ್ತು ಸಿ ಪಾಠ ಹೇಳುವವನು ನಾನು. ನೀವೋ, ಕೀಲಿಮಣೆಯಿಂದ ಒಂದು ಸಾಲು ಓದಿ ತಂದುಕೊಡುವ ಸಿ ಭಾಷೆಯ ಹಳೆಯ ಫಂಕ್ಷನ್; ನನ್ನ ಗುರುತು ನಿಮಗಿರಲಾರದು. ಬಂದವರು ಯಾರು, ಎಷ್ಟು ಮಂದಿ ಎಂದು ಕೇಳುವ ಪದ್ಧತಿಯೇ ನಿಮ್ಮಲ್ಲಿಲ್ಲವಲ್ಲ.

ನೀವು ನಿವೃತ್ತರಾಗಿದ್ದೀರಿ ಎಂಬ ಸುದ್ದಿ ನಿಮಗೆ ಮುಟ್ಟಿದೆಯೋ ಇಲ್ಲವೋ. 2011ರ ಸಿ ಮಾನಕದಿಂದ ನಿಮ್ಮ ಹೆಸರನ್ನೇ ಹೊಡೆದುಹಾಕಿದರು. ಶಾಲಿಲ್ಲ, ಹಾರವಿಲ್ಲ. ಲಿನಕ್ಸಿನಲ್ಲಿ ಯಾರಾದರೂ ನಿಮ್ಮನ್ನು ಕರೆದರೆ, ಇವರು ಅಪಾಯಕಾರಿ, ಬಳಸಬೇಡಿ ಎಂದು ಲಿಂಕರ್ ಮುಖದ ಮೇಲೆಯೇ ಹೇಳುತ್ತದೆ. ಆದರೆ ನಮ್ಮ ಹುಡುಗರ ಲ್ಯಾಬಿನಲ್ಲಿ ನಿಮ್ಮ ಕುರ್ಚಿ ಖಾಯಂ. ಅಲ್ಲಿ ಇಂದಿಗೂ ಟರ್ಬೊ ಸಿಯ ನೀಲಿ ಪರದೆ, ಅದಕ್ಕೆ ಡಾಸ್‌ಬಾಕ್ಸಿನ ಊರುಗೋಲು. ಹುಡುಗನೊಬ್ಬ ಜರ್ನಲ್ಲಿನಲ್ಲಿ ನಿಮ್ಮ ಬದಲು ಎಫ್‌ಗೆಟ್ಸ್ ಎಂದು ಬರೆದದ್ದಕ್ಕೆ ಕೆಂಪು ಗೆರೆ ಬಿತ್ತು: ಸಿಲೆಬಸ್ಸಿನಲ್ಲಿ ಇಲ್ಲವಂತೆ.

ನಿಮ್ಮ ಔದಾರ್ಯದ ಕಥೆ ಹುಡುಗರಿಗೆ ನಾನೇ ಹೇಳುತ್ತೇನೆ. 1988ರ ನವೆಂಬರ್ 2. ಕಾರ್ನೆಲ್‌ನ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ‘ಹುಳು’ ಪ್ರೋಗ್ರಾಂ ಫಿಂಗರ್ ಎಂಬ ಸೇವೆಯ ಬಾಗಿಲು ತಟ್ಟಿತು. ಒಳಗೆ ನೀವಿದ್ದಿರಿ. ಇದ್ದ ಜಾಗ 512 ಬೈಟು, ಬಂದದ್ದು 536. ಬೇರೆ ಯಾರಾದರೂ ಆಗಿದ್ದರೆ ಜಾಗವಿಲ್ಲ ಎನ್ನುತ್ತಿದ್ದರು. ನೀವು ಎಲ್ಲರನ್ನೂ ಒಳಗೆ ಬಿಟ್ಟುಕೊಂಡಿರಿ. ಹೆಚ್ಚಾದವರು ಫಂಕ್ಷನ್ ಮುಗಿದ ಮೇಲೆ ಎಲ್ಲಿಗೆ ಮರಳಬೇಕೆಂದು ಬರೆದಿಟ್ಟ ವಿಳಾಸದ ಮೇಲೆಯೇ ಹೋಗಿ ಕೂತರು. ಯಂತ್ರ ಹುಳುವಿನ ಮಾತು ಕೇಳತೊಡಗಿತು. ಮಾರಿಸ್‌ಗೆ ನ್ಯಾಯಾಲಯ ದಂಡ ಹಾಕಿತು, 400 ಗಂಟೆ ಸಮಾಜಸೇವೆ ಮಾಡಿಸಿತು. ನಿಮಗೆ ಇನ್ನೂ 23 ವರ್ಷ ಸೇವಾವಧಿ ಸಿಕ್ಕಿತು!

ನಮ್ಮ ಕೃಷ್ಣೆಯೂ ದಂಡೆ ಮೀರುತ್ತಾಳೆ. ಆದರೆ ಸಾಂಗ್ಲಿಯ ಆಯರ್ವಿನ್ ಸೇತುವೆಯಲ್ಲಿ ಅವಳಿಗೆ ಅಡಿಗಳ ಲೆಕ್ಕವಿದೆ. 45 ಅಡಿಗೆ ಅಪಾಯದ ಮಟ್ಟ. 2019ರ ಆಗಸ್ಟಿನಲ್ಲಿ ನೀರು 57 ಅಡಿ ದಾಟಿದಾಗ ಊರು ಮುಳುಗಿತು ನಿಜ, ಎಷ್ಟು ದಾಟಿತು ಎಂಬುದಾದರೂ ತಿಳಿಯುತ್ತಿತ್ತು. ನಿಮಗೆ ಅಂಥ ಗೆರೆ ಎಳೆದುಕೊಡೋಣವೆಂದರೂ ಸಾಧ್ಯವಿಲ್ಲ. ಜಾಗದ ವಿಳಾಸ ಒಂದನ್ನು ಬಿಟ್ಟು ನೀವು ಬೇರೇನನ್ನೂ ಕೈಯಲ್ಲಿ ಹಿಡಿಯುವುದಿಲ್ಲ.

ನಿಮ್ಮ ತಮ್ಮ ಸ್ಕ್ಯಾನ್‌ಎಫ್ ಬಗ್ಗೆಯೂ ಒಂದು ದೂರಿದೆ. ಇಲ್ಲಿ ಹೆಸರೆಂದರೆ ಮೂರು ತುಂಡು: ತನ್ನದು, ಅಪ್ಪನದು, ಅಡ್ಡಹೆಸರು. ಈತ ಖಾಲಿ ಜಾಗ ಕಂಡದ್ದೇ ಹುಡುಗನನ್ನು ಒಳಗೆಳೆದುಕೊಂಡು ಬಾಗಿಲು ಹಾಕುತ್ತಾನೆ. ಅಪ್ಪನೂ ಮನೆತನವೂ ಹೊರಗೆ ಪಾಳಿಯಲ್ಲಿ ನಿಲ್ಲುತ್ತಾರೆ. ಮುಂದಿನ ಪ್ರಶ್ನೆ ‘ವಯಸ್ಸೆಷ್ಟು?’ ಎಂದಾಗ ಅಪ್ಪನೇ ಮುಂದೆ ಬರುತ್ತಾನೆ. ವಯಸ್ಸನ್ನೇ ಮೊದಲು ಕೇಳಿದರೆ ಇನ್ನೊಂದು ಪೀಡೆ. ಅಂಕಿ ತಿಂದು ಎಂಟರ್ ಗುರುತನ್ನು ಅಲ್ಲೇ ಉಗುಳಿ ಹೋಗುತ್ತಾನೆ, ಹಿಂದೆ ಬಂದ ನೀವು ಆ ಎಂಟರನ್ನೇ ಹೆಸರೆಂದು ತೆಗೆದುಕೊಂಡು ಕೆಲಸ ಮುಗಿಯಿತು ಎನ್ನುತ್ತೀರಿ. ಉಳಿದ ಆ ಎಂಟರನ್ನು ತೊಳೆಯಲು ಲ್ಯಾಬಿನ ಮನೆಮದ್ದು, ಎಸ್‌ಟಿಡಿಇನ್ ಮೇಲೆ ಎಫ್‌ಫ್ಲಶ್ ಹಾಕುವುದು. ಹಾಗೆ ಮಾಡಿದರೆ ಏನಾಗುತ್ತದೆಂದು ಮಾನಕ ಹೇಳುವುದೇ ಇಲ್ಲ. ಮಾಸ್ತರರು ಹೇಳುತ್ತಾರೆ: ‘ಹಾಕು, ನಡೀತದ.’

ಎಫ್‌ಗೆಟ್ಸ್ ಏನು ದೇವರಲ್ಲ. ಅಳತೆ ಕೇಳಿಯೇ ಒಳಗೆ ಬರುವ ಶಿಸ್ತಿನವ, ಕನ್ನಡ ಮಾತ್ರ ಬಾರದು. ನನ್ನ ಹುಡುಗರು ಲಿನಕ್ಸಿನಲ್ಲಿ 20 ಬೈಟಿನ ಜಾಗ ಇಟ್ಟು ‘ಸಾಂಗ್ಲಿ’ ಎಂದು ಟೈಪ್ ಮಾಡಿದರು. ಇಂಗ್ಲಿಷಿನಲ್ಲಾದರೆ ಆರೇ ಬೈಟು. ಕನ್ನಡದಲ್ಲಿ ಏಳು ಸಂಕೇತ, ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟು, ಒಟ್ಟು 21. ಕೊನೆಯ ಸೊನ್ನೆಗೆ ಒಂದು ಬೈಟು ಮೀಸಲಿಟ್ಟು ಆತ 19 ತೆಗೆದುಕೊಂಡ. ಪರದೆಯ ಮೇಲೆ ‘ಸಾಂಗ್ಲ’, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ. ಗುಡಿಸಿನ ಮೂರರಲ್ಲಿ ಎರಡು ಪಾಲು ಹೊರಗೇ ಉಳಿದಿತ್ತು. ಅದೇ ನೀವಾಗಿದ್ದರೆ ಊರ ಹೆಸರನ್ನು ಪೂರ್ತಿ ಬರೆದು, ಪಕ್ಕದ ಮನೆಯ ಎರಡು ಬೈಟು ಅಳಿಸಿ, ಎಲ್ಲ ಸರಿಯಿದೆ ಎಂದು ತೋರಿಸುತ್ತಿದ್ದಿರಿ. ಗುಡಿಸು ಹರಿದದ್ದು ಕಣ್ಣಿಗೆ ಬೀಳುತ್ತದೆ, ಜಾಗ ಹೆಚ್ಚಿಸಿದರೆ ಸರಿಹೋಗುತ್ತದೆ. ನಿಮ್ಮ ಕೆಲಸ ಕಣ್ಣಿಗೆ ಬೀಳುವುದು ಆರು ತಿಂಗಳಾದ ಮೇಲೆ, ಇನ್ನೆಲ್ಲೋ.

ಆದ್ದರಿಂದ ವಿನಂತಿ: ಬರುವ ಪ್ರಾಕ್ಟಿಕಲ್ ಪರೀಕ್ಷೆಗೆ ದಯವಿಟ್ಟು ಬರಬೇಡಿ. ಹುಡುಗರು ಇಡೀ ಸಾಲನ್ನು ಎಫ್‌ಗೆಟ್ಸ್ ಕೈಲಿ ತರಿಸಿಕೊಳ್ಳಲಿ, ಬಾಲದ ಎಂಟರ್ ಕತ್ತರಿಸಲಿ, ಅಂಕಿ ಬೇಕಾದರೆ ಆ ಸಾಲಿನಿಂದಲೇ ಎತ್ತಿಕೊಳ್ಳಲಿ. ಲಿನಕ್ಸ್ ಇದ್ದಲ್ಲಿ ಗೆಟ್‌ಲೈನ್ ಇದ್ದಾನೆ. ಸಾಲು ಉದ್ದವಾದಂತೆ ಜಾಗವನ್ನೂ ತಾನೇ ದೊಡ್ಡದು ಮಾಡಿಕೊಳ್ಳುತ್ತಾನೆ, ಕೊನೆಗೆ ಫ್ರೀ ಮಾಡುವುದನ್ನು ಮರೆಯದಿದ್ದರಾಯಿತು. ಹೊರಗಿನಿಂದ ಬಂದ ಪರೀಕ್ಷಕರು ‘ಗೆಟ್ಸ್ ಎಲ್ಲಿ?’ ಎಂದು ಕೇಳಿದರೆ ನನಗೆ ಹೇಳಿಕಳುಹಿಸಿ. ನಿವೃತ್ತಿ ಆದೇಶವನ್ನು ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಮರಾಠಿ ಪ್ರತಿಯೇ ಬೇಕೆಂದರೆ ಎರಡು ದಿನ ಕೊಡಬೇಕು.

ಇಂತಿ ನಿಮ್ಮ ವಿಶ್ವಾಸಿ,
ಮಿರಜದ ಒಬ್ಬ ಮಾಸ್ತರ