ಶುಭ ಅವಸರ

ನಮ್ಮ ಆಫೀಸಿನ ಕಾನ್ಪುರದ ಹುಡುಗ ತನ್ನ ಮದುವೆಯ ಕರೆಯೋಲೆ ಕೊಟ್ಟ. ಜೊತೆಗೊಂದು ಸಿಹಿಡಬ್ಬಿ. ಎರಡನ್ನೂ ತಂದು ಮನೆಯ ಮೇಜಿನ ಮೇಲಿಟ್ಟೆ. ಡಬ್ಬಿಗೆ ಮಕ್ಕಳು ಕೈಹಾಕಿದರು, ಓಲೆಗೆ ಸೋದರತ್ತೆ. ಅತ್ತೆ ಹುಡುಗಿಯಾಗಿದ್ದಾಗ ಹಿಂದಿ ಪ್ರಚಾರ ಸಭೆಯ ಮೊದಲ ಪರೀಕ್ಷೆ ಪಾಸು ಮಾಡಿದವರು. ಅಕ್ಷರವೆಲ್ಲ ಬರುತ್ತದೆ, ಅರ್ಥಕ್ಕೆ ಮಾತ್ರ ಕನ್ನಡವನ್ನೇ ನೆಚ್ಚಿಕೊಂಡಿದ್ದಾರೆ.

ಕನ್ನಡಕ ಏರಿಸಿ, ‘ಪಾಣಿಗ್ರಹಣ... ಶುಭ ಅವಸರ...’ ಎಂದು ಓದಿ, ಓಲೆಯನ್ನು ಮೆಲ್ಲಗೆ ಕೆಳಗಿಟ್ಟರು.

“ಶುಭ ಅವಸರವಂತೆ ಕಣೋ. ಇದನ್ನೂ ಅಚ್ಚು ಹಾಕಿಸ್ತಾರಾ?”

ತಿಳಿಸಿ ಹೇಳಬಹುದಿತ್ತು. ಇಂಥ ಸುಖ ದಿನಾ ಸಿಗುತ್ತದೆಯೆ? “ಆ ಕಡೆಯೋರಿಗೆ ಮುಚ್ಚುಮರೆ ಇಲ್ಲ ಅತ್ತೆ” ಎಂದೆ.

ಅತ್ತೆ ದನಿ ತಗ್ಗಿಸಿದರು. ಅವರು ದನಿ ತಗ್ಗಿಸಿದರೆ ಪಕ್ಕದ ಮನೆಗೆ ಮಾತ್ರ ಕೇಳುತ್ತದೆ. “ಹುಡುಗಿಗೆ ಎಷ್ಟು ತಿಂಗಳಂತೆ?”

“ಅದನ್ನ ಹಾಕಿಸಿಲ್ಲ.”

ಓಲೆ ಮತ್ತೆ ಕೈಗೆ ಬಂತು. ಹಿಂದೆ ಮುಂದೆ ತಿರುಗಿಸಿದರು. ತಾರೀಖು ಸಿಕ್ಕಿತು. “ಫೆಬ್ರವರಿ ಅಂತಿದೆಯಲ್ಲೋ! ಅವಸರ ಅಂದ್ಮೇಲೆ ಫೆಬ್ರವರಿ ತನಕ ಏನು ಮಾಡ್ತಾರೆ?” ಛತ್ರ ಸಿಕ್ಕಿರಲಿಕ್ಕಿಲ್ಲ ಎಂದೆ. ಹೌದು ಹೌದು, ಛತ್ರದ್ದೇ ತೊಂದರೆ ಎಂದು ಒಪ್ಪಿ, ಕಾಣದ ಆ ಬೀಗರ ಪರವಾಗಿ ನಿಟ್ಟುಸಿರಿಟ್ಟರು. ಆಮೇಲೆ ಮನಸ್ಸು ಮೆತ್ತಗಾಯಿತು. ಅವಸರವಾದರೂ ‘ಶುಭ’ ಅಂತ ಸೇರಿಸಿದ್ದಾರೆ ನೋಡು, ಮರ್ಯಾದಸ್ಥರೇ ಇರಬೇಕು ಎಂದರು. ಕೊನೆಗೆ ನನ್ನ ಹೆಂಡತಿಯನ್ನು ಕರೆದು ತೀರ್ಪು ಕೊಟ್ಟರು: “ಉಡುಗೊರೆಗೆ ಬೆಳ್ಳಿ ದೀಪ ಬೇಡ ಕಣೆ. ಬೆಳ್ಳಿ ಗಿಲಕಿ ಕೊಟ್ಬಿಡಿ. ಹ್ಯಾಗೂ ಬೇಕಾಗುತ್ತೆ.”

ಹಿಂದಿಯ ‘ಅವಸರ್’ ಎಂದರೆ ಸಂದರ್ಭ ಎಂದು ಹೆಂಡತಿ ಬಿಡಿಸಿ ಹೇಳಿದ ಮೇಲೆ ಅತ್ತೆ ನನ್ನ ಜೊತೆ ಮಾತು ಬಿಟ್ಟರು. ನನಗಾಗಲೇ ಆ ಪದದ ಹುಚ್ಚು ಹಿಡಿದಿತ್ತು. ನಿಘಂಟು ಹರಡಿಕೊಂಡು ಕೂತೆ, ಸಾರು ಆರಿಹೋಯಿತು.

ಮೂಲ ಸಂಸ್ಕೃತ. ‘ಅವ’ ಎಂಬ ಉಪಸರ್ಗಕ್ಕೆ ‘ಸೃ’ ಧಾತು ಸೇರಿ, ಕೆಳಗೆ ಹರಿದು ಬರುವುದು ಎಂದಾಯಿತು. ಅದಕ್ಕೇ ಹಳೆಯ ಕೋಶಕಾರರು ‘ಮಳೆ’ ಎಂಬ ಅರ್ಥವನ್ನೂ ಬರೆದಿಟ್ಟಿದ್ದಾರೆ. ಸಕಾಲ, ಸರದಿ, ಬಿಡುವು ಎಲ್ಲವೂ ಅದರ ಹೊಟ್ಟೆಯಲ್ಲಿವೆ. ಅಣ್ಣತಮ್ಮಂದಿರು ಪಾಲಿಗೆ ಕೂತರು. ಹಿಂದಿ, ಮಲಯಾಳದವರು ಸದವಕಾಶವನ್ನು ಎತ್ತಿಕೊಂಡರು. ಗುಜರಾತಿಗಳಿಗೆ ಮನೆಯ ಶುಭಕಾರ್ಯವೇ ಅವಸರ. ತೆಲುಗರಿಗೆ ‘ಬೇಕು’ ಎಂಬುದು ಬಂತು, ಮೇಲಿನ ಮನೆಯ ಗುಂಟೂರಿನವರು ‘ಅವಸರಂ ಲೇದಂಡಿ’ ಎಂದರೆ ‘ಬೇಡ ರೀ’ ಎಂದು. ಸಿಂಹಳದಲ್ಲಿ ಅದು ಅಪ್ಪಣೆ. ಗೋವೆ, ಕೊಂಕಣದ ಕಡೆ ದೇವರು ಮೈಮೇಲೆ ಬರುವುದಕ್ಕೇ ಅವಸರ ಎನ್ನುತ್ತಾರೆ. ಬೆಳಿಗ್ಗೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹಾರ್ನ್ ಒತ್ತುವವರನ್ನು ಕಂಡವರು ಇದನ್ನು ತಕರಾರಿಲ್ಲದೆ ಒಪ್ಪುತ್ತಾರೆ. ಬಂಗಾಳಿಗಳು ಮಾತ್ರ ಜಾಣರು. ಬಿಡುವಿನ ಪಾಲನ್ನು ಇಡಿಯಾಗಿ ಒಯ್ದರು. ಅಲ್ಲಿ ‘ಅಬೊಶೊರ್’ ಎಂದರೆ ವಿರಾಮ, ನೌಕರಿಯಿಂದ ನಿವೃತ್ತಿ.

ಪಂಕ್ತಿಯ ಕೊನೆಗೆ ಕೂತ ನಮಗೂ ತಮಿಳರಿಗೂ ಆತುರವೊಂದೇ ಉಳಿದಿತ್ತು. ತಮಿಳುನಾಡಿನಲ್ಲಿ ಆಂಬುಲೆನ್ಸಿನ ಹೆಸರೇ ‘ಅವಸರ ಊರ್ದಿ’. 1975ರ ತುರ್ತು ಪರಿಸ್ಥಿತಿ ಅವರಿಗೆ ‘ಅವಸರ ನಿಲೈ’.

ಪುರಿಯ ಜಗನ್ನಾಥನದು ಇನ್ನೂ ಚೆನ್ನ. ಜ್ಯೇಷ್ಠ ಹುಣ್ಣಿಮೆಗೆ ಒಡಹುಟ್ಟಿದವರ ಜೊತೆ 108 ಕೊಡ ನೀರು ಸುರಿಸಿಕೊಂಡು ಜ್ವರ ಹಿಡಿಸಿಕೊಳ್ಳುತ್ತಾನೆ. ಆಮೇಲಿನ ಹದಿನೈದು ದಿನ ಭಕ್ತರಿಗೆ ದರ್ಶನವಿಲ್ಲ. ಅದಕ್ಕೆ ‘ಅನವಸರ’ ಎಂದು ಹೆಸರು, ಆಡುಮಾತಿನಲ್ಲಿ ‘ಅಣಸರ’. ದರ್ಶನಕ್ಕೆ ಎಡೆಯಿಲ್ಲ ಎಂದು ಅವರ ಅರ್ಥ. ಕನ್ನಡದಲ್ಲಿ ಓದಿಕೊಂಡರೂ ತಪ್ಪೇನಿಲ್ಲ, ಜ್ವರ ಬಂದವನಿಗೆ ಯಾತರ ಅವಸರ?

ಇದನ್ನೆಲ್ಲ ಆಫೀಸಿನಲ್ಲಿ ಒಪ್ಪಿಸುತ್ತಿದ್ದಾಗ ಒಬ್ಬ ಮಹಾಶಯರು ಅಡ್ಡ ಬಾಯಿ ಹಾಕಿದರು. ಹಿಂದಿಯದೇ ಶುದ್ಧ ಅರ್ಥವಂತೆ, ದಕ್ಷಿಣದವರು ಪದವನ್ನು ಕೆಡಿಸಿದ್ದೇವಂತೆ. ಮೈಯೆಲ್ಲ ಉರಿಯಿತು. ಉಡುಪಿಯ ಕೃಷ್ಣಮಠದಲ್ಲಿ ಇವತ್ತಿಗೂ ‘ಅವಸರ ಸನಕಾದಿ ಪೂಜೆ’ ನಡೆಯುತ್ತದೆ ಸ್ವಾಮಿ, ಅಲ್ಲಿ ಯಾರಿಗೂ ಬಸ್ಸು ತಪ್ಪುವ ಭಯವಿಲ್ಲ, ಹಳೆಯ ಅರ್ಥ ನಮ್ಮಲ್ಲೂ ಬದುಕಿದೆ ಎಂದು ಕೂಗಾಡಿದೆ. ಅವರು ಚಹಾ ಕುಡಿಯಲು ಹೋದರು. ಅವರವರ ಮನೆಯಲ್ಲಿ ಪದ ಅವರವರ ಕೆಲಸ ಮಾಡುತ್ತದೆ, ಅಷ್ಟೇ.

ಘಾಟಿ ರಸ್ತೆಯಲ್ಲಿ ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಫಲಕ ಕಂಡರೆ ಈಗ ನನಗೆ ನಗು. ಬಂಗಾಳಿ ಓದಿದರೆ ನಿವೃತ್ತಿಯೇ ಕಾರಣ. ತೆಲುಗರಿಗೆ ಅಗತ್ಯವೇ ಕಾರಣ. ಸಿಂಹಳೀಯ ಓದಿದರೆ ಪರವಾನಗಿ ಕೊಟ್ಟದ್ದೇ ಕಾರಣ. ಇದಂತೂ ಸತ್ಯ.

ಮೊನ್ನೆ ಮಳೆಯಲ್ಲಿ ಊಟದ ಪೊಟ್ಟಣ ಹಿಡಿದು ಬಂದ ಹುಡುಗ ಮಾತ್ರ ನಗಿಸಲಿಲ್ಲ. ಮಂಡಿ ತರಚಿತ್ತು, ಪ್ಯಾಂಟಿಗೆ ಕೆಸರು. ಕಾಲಿನ ಕಡೆ ನೋಡದೆ, “ಲೇಟ್ ಆಯ್ತು ಸರ್, ಕಂಪ್ಲೇಂಟ್ ಮಾಡ್ಬೇಡಿ” ಎಂದ. ಊರು ಬಂಗಾಳದ ಮುರ್ಷಿದಾಬಾದ್ ಅಂತೆ. ಬಿಡುವು ಎಂಬ ಅರ್ಥ ಕಲಿತು ಬೆಳೆದವನು ನಮ್ಮ ರಸ್ತೆಯಲ್ಲಿ ನಮ್ಮ ಅರ್ಥಕ್ಕೆ ದುಡಿಯುತ್ತಿದ್ದಾನೆ. ಕೂತು ನೀರು ಕುಡಿ ಎಂದೆ. ಮುಂದಿನ ಆರ್ಡರ್ ಇದೆ ಎಂದು ಮೆಟ್ಟಿಲು ಇಳಿದೇಬಿಟ್ಟ.

ಓದುಗ ಮಹಾಶಯರೆ, ಇಡ್ಲಿ ಹತ್ತು ನಿಮಿಷ ತಡವಾಗಿ ಬಂದರೆ ಫೋನಿನಲ್ಲಿ ಅವನ ನಕ್ಷತ್ರ ಕಡಿಮೆ ಮಾಡಬೇಡಿ. ಆರಿದ ಇಡ್ಲಿಯನ್ನು ಬಿಸಿ ಮಾಡಿಕೊಳ್ಳಬಹುದು.