ಯುಗಾದಿಯ ಪಾಕಯೋಜನೆ: ಒಂದು ಅಧ್ಯಯನ

ಯುಗಾದಿಯಿಂದ ರಾಮನವಮಿಯವರೆಗೆ, ಅಂದರೆ ಚೈತ್ರ ಶುದ್ಧ ಪಾಡ್ಯದಿಂದ ನವಮಿಯವರೆಗೆ, ಹಳೇ ಮೈಸೂರು ಸೀಮೆಯ ಸಾಧಾರಣ ಕುಟುಂಬವೊಂದು ಏನು ಉಣ್ಣಬೇಕು, ಏನು ಕುಡಿಯಬೇಕು, ಎಷ್ಟು ಎಲೆ ಹಾಕಬೇಕು ಎಂಬ ವಿಷಯದಲ್ಲಿ ಪ್ರತಿಯೊಂದು ಮನೆಯಲ್ಲಿಯೂ ಎರಡು ಯೋಜನೆಗಳು ಒಟ್ಟೊಟ್ಟಿಗೆ ಸಿದ್ಧವಾಗುತ್ತವೆ. ಮೊದಲನೆಯದು ಲಿಖಿತ ಯೋಜನೆ. ಸಾಮಾನಿನ ಚೀಟಿ ಎಂದು ಹೆಸರಾದ ಇದನ್ನು ಮನೆಯ ಯಜಮಾನರು ಮುಗಿದುಹೋದ ಯಾವುದೋ ಮದುವೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ, ಒಂದೊಂದು ಪದಾರ್ಥಕ್ಕೂ ಒಳಗಿನಿಂದ ಯಾರಾದರೂ ಕೂಗಿ ಹೇಳುವುದನ್ನು ಕಾಯುತ್ತಾ ಬರೆಯುತ್ತಾರೆ. ಎರಡನೆಯದು ಅಲಿಖಿತ ಯೋಜನೆ; ಇದು ಮನೆಯ ಹಿರಿಯ ಗೃಹಿಣಿಯ ತಲೆಯಲ್ಲಿ ಮಾತ್ರ ಇರುತ್ತದೆ, ಮತ್ತು ಅಡುಗೆಯೆಲ್ಲ ನಡೆಯುವುದು ಇದರ ಪ್ರಕಾರವೇ. ಹಾಗಾದರೆ ಮೊದಲನೆಯದರ ಪ್ರಯೋಜನವೇನೆಂದು ಕೇಳಬಹುದು. ಹಬ್ಬ ಮುಗಿದ ಮೇಲೆ ಕೊಬ್ಬರಿ ಸಾಲದೆ ಹೋದದ್ದು ಯಾರಿಂದ ಎಂಬ ವಿಚಾರಣೆ ನಡೆಯುವಾಗ ಸಾಕ್ಷ್ಯವಾಗಿ ಹಾಜರುಪಡಿಸಲು ಒಂದು ದಾಖಲೆ ಬೇಕಾಗುತ್ತದೆ. ಜೊತೆಗೆ, ಚೀಟಿ ಬರೆಯುವಷ್ಟು ಹೊತ್ತು ಯಜಮಾನರು ಅಡುಗೆಮನೆಗೆ ಬರುವುದಿಲ್ಲ.

ಪಾಕಶಾಸ್ತ್ರದ ಪರಂಪರೆ ಕನ್ನಡ ನಾಡಿಗೆ ಹೊಸದೇನಲ್ಲ. 11ನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೆ ಸಂಬಂಧಿಸಿದ ಭಾಗವಿದೆ, 12ನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸನ ಊಟೋಪಚಾರಗಳನ್ನು ವಿಸ್ತಾರವಾಗಿ ವರ್ಣಿಸುತ್ತದೆ, 16ನೆಯ ಶತಮಾನದ ಜೈನ ಕವಿ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಂತೂ ಸಸ್ಯಾಹಾರದ ಅಡುಗೆಗೇ ಮೀಸಲಾದ ಪದ್ಯಗ್ರಂಥ. ಆದರೆ ಹೇಗೆ ಮಾಡಬೇಕೆಂಬುದು ಒಂದು ಶಾಸ್ತ್ರ, ಎಷ್ಟು ಮಾಡಬೇಕೆಂಬುದು ಬೇರೆಯೇ ಶಾಸ್ತ್ರ. ಅರಮನೆಯಲ್ಲಿ ಮಿಕ್ಕಿದ್ದನ್ನು ಉಣ್ಣಲು ಊಳಿಗದವರಿದ್ದುದರಿಂದ ಸೋಮೇಶ್ವರನು ಎರಡನೆಯದರ ಗೊಡವೆಗೆ ಹೋಗಬೇಕಾಗಿರಲಿಲ್ಲ. ಮೂರು ಕೋಣೆಗಳ ಬಾಡಿಗೆ ಮನೆಯಲ್ಲಿ ಒಂದೇ ಒಂದು ಫ್ರಿಜ್ಜನ್ನು ಇಟ್ಟುಕೊಂಡು ಹಬ್ಬ ಮಾಡುವ ಗೃಹಿಣಿಗೆ ಆ ಸೌಕರ್ಯವಿಲ್ಲ.

ಎಷ್ಟು ಎಂಬ ಪ್ರಶ್ನೆಯ ಮೊದಲ ಘಟ್ಟವೇ ತಲೆ ಎಣಿಕೆ. ಇಲ್ಲಿ ಬಂಧುಗಳ ಮಾತನ್ನು ಮಾತಿನಂತೆಯೇ ನಂಬುವವರು ಕೆಡುತ್ತಾರೆ. “ನಾವು ಬರೋದು ಅನುಮಾನ ಅತ್ತಿಗೆ, ನಮ್ಮನ್ನ ಲೆಕ್ಕಕ್ಕೆ ಹಿಡೀಬೇಡಿ” ಎಂದು ಫೋನಿನಲ್ಲಿ ಹೇಳುವ ನಾದಿನಿಯು ಗಂಡ, ಇಬ್ಬರು ಮಕ್ಕಳು, ಅತ್ತೆ ಮತ್ತು ಊರಿನಿಂದ ಅದೇ ಬೆಳಿಗ್ಗೆ ಬಂದಿಳಿದ ಅತ್ತೆಯ ತಂಗಿಯೊಂದಿಗೆ ಹನ್ನೆರಡೂವರೆಗೆ ಸರಿಯಾಗಿ ಆಟೋದಿಂದ ಇಳಿಯುತ್ತಾಳೆ. ಖಂಡಿತ ಬರುತ್ತೇವೆಂದು ಮೂರು ಸಲ ಹೇಳಿದ ಷಡ್ಡಕರು, ಎಂದರೆ ಹೆಂಡತಿಯ ಸೋದರಿಯ ಗಂಡ, ಇನ್ನೆಲ್ಲೋ ಊಟ ಮುಗಿಸಿ ನಾಲ್ಕು ಗಂಟೆಗೆ ಬಂದು ಹೊಟ್ಟೆ ತುಂಬಿದೆಯೆಂದು ಕೈಮುಗಿಯುತ್ತಾರೆ. ಆದುದರಿಂದ ಅಲಿಖಿತ ಯೋಜನೆಯಲ್ಲಿ ಜನರನ್ನು ಎಣಿಸುವ ಪದ್ಧತಿಯೇ ಇಲ್ಲ. ಅಲ್ಲಿನ ಮೂಲಮಾನ ಪಾವು. ಸೇರಿನ ಕಾಲು ಭಾಗವಾದ ಈ ಅಳತೆಯನ್ನು 1956ರ ತೂಕ ಮತ್ತು ಅಳತೆಗಳ ಕಾಯ್ದೆಯು ವ್ಯವಹಾರದಿಂದ ನಿವೃತ್ತಿಗೊಳಿಸಿತಾದರೂ, ಅಕ್ಕಿಯ ಡಬ್ಬದೊಳಗಿನ ಹಿತ್ತಾಳೆಯ ಪಾವಿಗೆ ಈ ಸಂಗತಿಯನ್ನು ಇನ್ನೂ ಯಾರೂ ತಿಳಿಸಿಲ್ಲ. ಗೃಹಿಣಿಯು ಮನೆಮಂದಿಗೆ ಬೇಕಾದಷ್ಟು ಪಾವು ಅಳೆದು, ಬಳಿಕ ಅಳತೆಯಿಲ್ಲದೆ ಬೊಗಸೆಯಲ್ಲಿ ಎರಡು ಸಲ ಹಾಕುತ್ತಾಳೆ. ನಾದಿನಿಯ ಅತ್ತೆಯ ತಂಗಿ ಉಣ್ಣುವುದು ಆ ಬೊಗಸೆಯ ಅನ್ನವನ್ನು.

ಹಬ್ಬದ ಬೆಳಿಗ್ಗೆ ಬೇವುಬೆಲ್ಲವಾದ ಮೇಲೆ ಇಡೀ ಯೋಜನೆಯು ಒಬ್ಬಟ್ಟಿನ ಸುತ್ತ ತಿರುಗುತ್ತದೆ. ಒಂದು ಕಿಲೋ ಬೇಳೆಗೆ, ಉಂಡೆಯ ಗಾತ್ರವನ್ನು ಅನುಸರಿಸಿ, 50 ಒಬ್ಬಟ್ಟುಗಳು ಹೆಚ್ಚುಕಡಿಮೆ ಆಗುತ್ತವೆ. ಬೇಳೆ ಯಾವುದೆಂಬ ವಿಷಯದಲ್ಲಿ ಮತಭೇದವಿದೆ: ಮೈಸೂರಿನ ಕಡೆಯ ಅತ್ತೆಗೆ ತೊಗರಿಬೇಳೆಯಲ್ಲದೆ ಬೇರೊಂದು ಗೊತ್ತಿಲ್ಲ, ಒಬ್ಬಟ್ಟನ್ನು ಹೋಳಿಗೆಯೆಂದು ಕರೆಯುವ ಧಾರವಾಡದ ಸೊಸೆಗೆ ಕಡಲೆಬೇಳೆಯದಲ್ಲದೆ ಬೇರೆಯದು ಹೋಳಿಗೆಯೇ ಅಲ್ಲ. ಇಂತಹ ಮನೆಗಳಲ್ಲಿ ಎರಡೂ ಬೇಳೆಗಳನ್ನು ಅರ್ಧರ್ಧ ಬೇಯಿಸುವ ಸಂಧಾನಸೂತ್ರವು ಪ್ರಚಲಿತವಾಗಿದ್ದು, ಅದರ ಫಲಿತಾಂಶ ಇಬ್ಬರಿಗೂ ಹಿಡಿಸುವುದಿಲ್ಲವಾದ್ದರಿಂದ ಮನೆಯಲ್ಲಿ ಶಾಂತಿ ನೆಲೆಸುತ್ತದೆ.

ಬೆಂದ ಬೇಳೆಗೆ ಬೆಲ್ಲ, ಕಾಯಿತುರಿ, ಏಲಕ್ಕಿ ಸೇರಿಸಿ ರುಬ್ಬಿದ್ದು ಹೂರಣ. ಮೈದಾ ಮತ್ತು ಚಿರೋಟಿ ರವೆಯನ್ನು ಚಿಟಿಕೆ ಅರಿಶಿನದೊಂದಿಗೆ ಸಡಿಲವಾಗಿ ಕಲಸಿ, ಮೇಲೆ ಧಾರಾಳವಾಗಿ ಎಣ್ಣೆ ಸುರಿದು, ಒಂದೆರಡು ಗಂಟೆ ನೆನೆಯಲು ಬಿಟ್ಟದ್ದು ಕಣಕ. ಎಳೆದರೆ ಹರಿಯದೆ ಹಿಗ್ಗುವ ಈ ಕಣಕದೊಳಗೆ ಹೂರಣದ ಉಂಡೆಯನ್ನಿಟ್ಟು ಮುಚ್ಚಿ, ಎಣ್ಣೆ ಸವರಿದ ಬಾಳೆಯೆಲೆಯ ಮೇಲೆ ಬೆರಳ ತುದಿಯಿಂದ ತಟ್ಟಿ, ಎಲೆಯ ಸಮೇತ ಕಾವಲಿಯ ಮೇಲೆ ಬೋರಲು ಹಾಕಿ, ಬಿಸಿಗೆ ಬಾಡಿದ ಎಲೆಯನ್ನು ಒಂದು ಅಂಚಿನಿಂದ ಮೆಲ್ಲಗೆ ಸುಲಿಯುವ ಆ ಎರಡು ಸೆಕೆಂಡುಗಳಲ್ಲಿಯೇ ಒಬ್ಬಟ್ಟು ಉಳಿಯುವುದೋ ಹರಿಯುವುದೋ ನಿರ್ಧಾರವಾಗುತ್ತದೆ. ಹರಿದ ಒಬ್ಬಟ್ಟು ಎಣಿಕೆಗೆ ಬರುವುದಿಲ್ಲ, ನೈವೇದ್ಯಕ್ಕೂ ಬರುವುದಿಲ್ಲ; ದೇವರಿಗೆ ಎಡೆಯಾದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತಿರುವವರಿಗೆ ಸಲ್ಲುತ್ತದೆ. ಮಕ್ಕಳು ಬೆಳಗಿನಿಂದಲೇ ಅಲ್ಲಿ ನಿಂತು ಕಾವಲಿಯನ್ನು ದಿಟ್ಟಿಸುತ್ತಾ ಮನಸ್ಸಿನಲ್ಲಿಯೇ ಏನು ಪ್ರಾರ್ಥಿಸುತ್ತಿರುತ್ತಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇಳೆ ಬೆಂದ ಮೇಲೆ ಬಸಿದ ನೀರಿಗೆ ಕಟ್ಟು ಎನ್ನುತ್ತಾರೆ. ಇದಕ್ಕೆ ಹುಣಿಸೆಹಣ್ಣು, ಸಾರಿನ ಪುಡಿ ಮತ್ತು ಒಂದಿಷ್ಟು ಹೂರಣವನ್ನೇ ಸೇರಿಸಿ ಕುದಿಸಿದರೆ ಒಬ್ಬಟ್ಟಿನ ಸಾರು. ಒಬ್ಬಟ್ಟು ಮುಖ್ಯ ಪದಾರ್ಥ, ಸಾರು ಅದರ ಉಪೋತ್ಪನ್ನ ಎಂಬುದು ಸಾಮಾನ್ಯ ನಂಬಿಕೆ. ಸಾರಿಗಾಗಿಯೇ ಒಬ್ಬಟ್ಟನ್ನು ಮಾಡಲಾಗುತ್ತದೆಂಬುದು ಈ ಪ್ರಬಂಧದ ನಿಲುವು. ಒಬ್ಬಟ್ಟನ್ನು ಈಗ ಅಂಗಡಿಯಿಂದ ತರಬಹುದು, ಕಾವಲಿಯಿಂದ ನೇರವಾಗಿ ಕಾಗದಕ್ಕೆ ಹಾಕಿಕೊಡುವ ಅಂಗಡಿಗಳು ಬಡಾವಣೆಗೊಂದಿವೆ. ಆದರೆ ಅಂಗಡಿಯ ಒಬ್ಬಟ್ಟಿನೊಂದಿಗೆ ಕಟ್ಟು ಬರುವುದಿಲ್ಲ. ಮರುದಿನ, ಅದರ ಮರುದಿನ, ಕುದಿಸಿದಷ್ಟೂ ಗಟ್ಟಿಯಾಗಿ ರುಚಿಯೇರುವ ಆ ಸಾರಿನ ಪಾತ್ರೆಯ ತಳ ಕಾಣುವವರೆಗೂ ಹಬ್ಬ ಮುಗಿಯಿತೆಂದು ಹೇಳುವುದು ಸರಿಯಲ್ಲ.

ಶುಗರ್ ಇರುವ ಹಿರಿಯರಿಗಾಗಿ ಲಿಖಿತ ಯೋಜನೆಯಲ್ಲಿ ಸೌತೆಕಾಯಿ ಎಂದು ಬರೆಯಲಾಗಿರುತ್ತದೆ. ಹೆಸರುಬೇಳೆಯನ್ನು ನೆನೆಸಿ, ಸೌತೆಕಾಯಿ ಹೆಚ್ಚಿ ಹಾಕಿ, ನೀರು ಬಿಡದಿರಲೆಂದು ಉಪ್ಪನ್ನು ಬಡಿಸುವ ಹೊತ್ತಿಗೆ ಮಾತ್ರ ಬೆರೆಸುವ ಕೋಸಂಬರಿಯನ್ನು ಅವರ ಎಲೆಗೆ ಎರಡು ಪಾಲು ಬಡಿಸುವುದೆಂದು ತೀರ್ಮಾನವೂ ಆಗಿರುತ್ತದೆ. ಅವರು ಕೋಸಂಬರಿಯನ್ನು ಗೌರವದಿಂದ ಮುಗಿಸಿ, ಒಬ್ಬಟ್ಟಿನಲ್ಲಿರುವುದು ಬೆಲ್ಲವೇ ಹೊರತು ಸಕ್ಕರೆಯಲ್ಲ, ಬೇಳೆಯಂತೂ ಪ್ರೋಟೀನು, ತುಪ್ಪ ಬಿದ್ದರೆ ಸಕ್ಕರೆ ನಿಧಾನವಾಗಿ ಏರುತ್ತದೆಂದು ಟಿವಿಯಲ್ಲಿ ಡಾಕ್ಟರೇ ಹೇಳಿದ್ದಾರೆ ಎಂಬ ಮೂರು ಪ್ರಮೇಯಗಳನ್ನು ಮಂಡಿಸಿ, ಒಂದೊಂದು ಪ್ರಮೇಯಕ್ಕೆ ಒಂದೊಂದರಂತೆ ಒಬ್ಬಟ್ಟು ಹಾಕಿಸಿಕೊಳ್ಳುತ್ತಾರೆ. ಊಟದ ನಂತರದ ಕಾಫಿಗೆ ಮಾತ್ರ ಸಕ್ಕರೆ ಬೇಡವೆಂದು ನಿಷ್ಠುರವಾಗಿ ಹೇಳುತ್ತಾರೆ.

ಕಾಫಿಯ ಮಾತು ಬಂದುದರಿಂದ ಇಲ್ಲಿ ತುಸು ನಿಲ್ಲಬೇಕು, ಏಕೆಂದರೆ ಹಬ್ಬದ ಯೋಜನೆಗಳು ಮುಗ್ಗರಿಸುವುದು ಒಬ್ಬಟ್ಟಿನಲ್ಲಿ ಅಲ್ಲ, ಫಿಲ್ಟರಿನಲ್ಲಿ. ಒಂದರ ಮೇಲೊಂದು ಕೂರುವ ಎರಡು ಸ್ಟೀಲಿನ ಪಾತ್ರೆಗಳಲ್ಲಿ ಮೇಲಿನದರ ತಳಕ್ಕೆ ಸಣ್ಣ ತೂತುಗಳಿದ್ದು, ಅದರಲ್ಲಿ ಒತ್ತಿಟ್ಟ ಪುಡಿಯ ಮೂಲಕ ಕುದಿನೀರು ಹನಿಹನಿಯಾಗಿ ಇಳಿದು ಡಿಕಾಕ್ಷನ್ ಆಗುತ್ತದೆ. ಹೊಸ ಹಾಲಿನೊಡನೆ ಬೆರೆಯುವ ಮೊದಲ ಡಿಕಾಕ್ಷನ್ನಿಗೂ, ಅದೇ ಪುಡಿಯ ಮೇಲೆ ಮತ್ತೆ ನೀರು ಹಾಕಿ ಪಡೆಯುವ ಎರಡನೆಯದಕ್ಕೂ ಇರುವ ಅಂತರವೇ ನೆಂಟರ ನಡುವಣ ಅಂತರ. ಬೀಗರಿಗೆ, ಅಂದರೆ ಮಕ್ಕಳ ಮದುವೆಯಿಂದ ನೆಂಟರಾದವರಿಗೆ, ಮೊದಲನೆಯದೇ ಆಗಬೇಕು. ಸೋದರಮಾವನಿಗೆ ಎರಡನ್ನೂ ಬೆರೆಸಬಹುದು. ಎದುರು ಮನೆಯವರು ಕಾಫಿ ಬೇಡವೆಂದು ಹೇಳುವವರೆಗೂ ಕಾಯಬಹುದು. ಹನಿಯುವ ವೇಗವನ್ನು ಯಾವ ಹಿರಿತನದಿಂದಲೂ ಹೆಚ್ಚಿಸಲಾಗದು. ಮೇಲಿನ ಪಾತ್ರೆಯನ್ನು ತಟ್ಟಿದರೆ ಪುಡಿಯೂ ಇಳಿಯುತ್ತದೆ, ಆ ಪುಡಿ ಬೀಗರ ಲೋಟದ ತಳದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಒಬ್ಬರಿಗೆ ಸ್ಟ್ರಾಂಗ್, ಒಬ್ಬರಿಗೆ ಲೈಟ್, ಒಬ್ಬರಿಗೆ ಸಕ್ಕರೆಯಿಲ್ಲದ್ದು, ಮಕ್ಕಳಿಗೆ ಬಣ್ಣಕ್ಕಷ್ಟೇ ಡಿಕಾಕ್ಷನ್ ಹಾಕಿದ ಹಾಲು ಎಂದು ಹೊರಗಿನ ಹಜಾರದಿಂದ ಬರುವ ಬೇಡಿಕೆಗಳನ್ನು ನೆನಪಿಟ್ಟುಕೊಂಡು, ತಟ್ಟೆಯಲ್ಲಿ ಲೋಟಗಳ ಸ್ಥಾನವನ್ನು ಗುರುತಿಟ್ಟುಕೊಂಡು ಹೊರಡುವ ಸೊಸೆಯ ಕೈಯಿಂದ ಯಾರೋ ಉಪಕಾರಕ್ಕೆಂದು ತಟ್ಟೆಯನ್ನು ಇಸಿದುಕೊಂಡು ತಿರುಗಿಸಿದರೆ ಮುಗಿಯಿತು: ಸಕ್ಕರೆ ಕಾಫಿಯು ಮೂರು ಒಬ್ಬಟ್ಟು ತಿಂದವರಿಗೇ ಸಲ್ಲುತ್ತದೆ, ಮತ್ತು ಅವರು ಮೌನವಾಗಿ ಅದನ್ನು ಕುಡಿದು ಮುಗಿಸುತ್ತಾರೆ.

ಯುಗಾದಿಯ ಮರುದಿನ ಹೊಸತೊಡಕು. ವರ್ಷತೊಡಕು ಎಂದೂ ಕರೆಯಲಾಗುವ ಈ ದಿನ, ಹಳೇ ಮೈಸೂರಿನ ಮಾಂಸಾಹಾರಿ ಕುಟುಂಬಗಳಲ್ಲಿ, ಹಿಂದಿನ ದಿನದ ಸಿಹಿಗೆ ಬಾಡೂಟದ ಉತ್ತರ ಕೊಡಲಾಗುತ್ತದೆ. ಮಂಡ್ಯ, ರಾಮನಗರದ ಹಳ್ಳಿಗಳಲ್ಲಿ ಹಲವು ಮನೆಯವರು ಕೂಡಿ ಹಣ ಹಾಕಿ, ಆಡು ಕುರಿಗಳನ್ನು ತಂದು, ಮಾಂಸವನ್ನು ಸಮಪಾಲಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವುದುಂಟು. ಇದು ಗುಡ್ಡೆ ಮಾಂಸ. ಎಲ್ಲ ಗುಡ್ಡೆಗಳೂ ಒಂದೇ ಸಮವೆಂದು ಊರಿಗೆ ಊರೇ ಒಪ್ಪಿದರೂ ಪಕ್ಕದವನ ಗುಡ್ಡೆಯಲ್ಲಿ ಈಲಿ ಒಂದು ತುಂಡು ಹೆಚ್ಚಿತ್ತೆಂಬ ಸಂದೇಹವು ಮುಂದಿನ ಯುಗಾದಿಯವರೆಗೆ ಬಾಳುತ್ತದೆ. ಊಟದ ಪಟ್ಟಿಯಲ್ಲಿ ಮುದ್ದೆ, ಸಾರು, ಕೈಮಾ ಉಂಡೆ, ಬೋಟಿ ಗೊಜ್ಜು ಎಂಬುವು ಬರೆಯದಿದ್ದರೂ ಇರುತ್ತವೆ. ಪಾನೀಯದ ಭಾಗವು ಮಾತ್ರ ಚೀಟಿಯಲ್ಲಿ ಇತರೆ ಖರ್ಚು ಎಂಬ ತಲೆಬರಹದ ಕೆಳಗೆ ಅಡಗಿರುತ್ತದೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮನೆಯ ಅಳಿಯಂದಿರು, ಭಾವಮೈದುನರು ಒಬ್ಬೊಬ್ಬರಾಗಿ ಮಹಡಿಯ ಮೇಲಿನ ನೀರಿನ ಟ್ಯಾಂಕನ್ನು ಪರೀಕ್ಷಿಸಲು ಹೋಗುತ್ತಾರೆ. ಟ್ಯಾಂಕು ನೋಡಲು ಸೋಡಾ ಮತ್ತು ಕಡಲೆಬೀಜ ಏಕೆಂದು ಹೆಂಗಸರು ಕೇಳುವುದಿಲ್ಲ. ಅವರು ಮಾಡುವುದು ಇಷ್ಟೇ, ಹುರಿದ ಮಾಂಸದ ತಟ್ಟೆಯನ್ನು ಮೇಲಕ್ಕೆ ಕಳಿಸದೆ ಊಟ ಕೆಳಗೆ ಎಂದು ಹೇಳಿ ಕಳಿಸುತ್ತಾರೆ, ಇದರಿಂದ ಪರೀಕ್ಷೆಯು ಬೇಗನೆ ಮುಗಿಯುತ್ತದೆ.

ಪಂಚಾಂಗವೂ ಯೋಜನೆಗೆ ಅಡ್ಡಗಾಲು ಹಾಕಬಲ್ಲದೆಂಬುದಕ್ಕೆ 2025ರ ಯುಗಾದಿಯು ಒಳ್ಳೆಯ ನಿದರ್ಶನ. ಆ ವರ್ಷ ಹಬ್ಬವು ಮಾರ್ಚ್ 30ರ ಭಾನುವಾರ ಬಂದು ನೌಕರರ ಒಂದು ರಜೆಯನ್ನು ನುಂಗಿತು. ಹೊಸತೊಡಕು ಸೋಮವಾರ ಬಿದ್ದುದರಿಂದ ಈಶ್ವರನ ವಾರವೆಂದು ಮಾಂಸ ಮುಟ್ಟದ ಮನೆಗಳವರು ಮಂಗಳವಾರದವರೆಗೆ ಕಾಯಬೇಕಾಯಿತು. ಅದೇ ಸೋಮವಾರ ರಂಜಾನ್ ಹಬ್ಬವೂ ಆಗಿದ್ದರಿಂದ, ನುಂಗಿದ ರಜೆಯೇನೋ ಮರಳಿ ಸಿಕ್ಕಿತು, ಆದರೆ ಒಂದೇ ಕುರಿಯ ಮೇಲೆ ಎರಡು ಹಬ್ಬಗಳ ಕಣ್ಣು ಬಿತ್ತು. ಮಂಗಳವಾರಕ್ಕೆ ಮುಂದೂಡಿದವರು ಏಪ್ರಿಲ್ 1ರ ಬೆಳಿಗ್ಗೆ ಎದ್ದು ಹಾಲು ತರಲು ಹೋದಾಗ ನಂದಿನಿ ಹಾಲಿನ ದರವು ಲೀಟರಿಗೆ 4 ರೂಪಾಯಿ ಏರಿತ್ತು. ಇವೆಲ್ಲವನ್ನೂ ಮೊದಲೇ ಊಹಿಸಿ ಶನಿವಾರವೇ ನಾಲ್ಕು ಪ್ಯಾಕೆಟ್ ಹೆಚ್ಚಾಗಿ ತಂದು ಹೆಪ್ಪು ಹಾಕಿದ್ದ ಗೃಹಿಣಿಯರು ಇದ್ದೇ ಇರುತ್ತಾರೆ. ಅರ್ಥಶಾಸ್ತ್ರಜ್ಞರು ಅವರೊಂದಿಗೆ ಸಮಾಲೋಚಿಸದಿರುವುದು ಆಶ್ಚರ್ಯ.

ಆ ವಾರಾಂತ್ಯದಲ್ಲಿಯೇ ರಾಮನವಮಿ. ಬೆಂಗಳೂರಿನಲ್ಲಿ ಅಂದು ಮಾಂಸ ಮಾರಾಟವನ್ನು ನಿಷೇಧಿಸಿ ನಗರಪಾಲಿಕೆ ಆದೇಶ ಹೊರಡಿಸುವುದು ರೂಢಿಯಾದ್ದರಿಂದ ಹೊಸತೊಡಕಿನ ಶೇಷವನ್ನು ಅಷ್ಟರೊಳಗೆ ಮುಗಿಸುವುದೂ ಯೋಜನೆಯ ಅಂಗ. ಈ ಹಬ್ಬಕ್ಕೆ ಒಲೆಯ ಕೆಲಸ ಕಡಿಮೆ. ಬೆಲ್ಲ ಕರಗಿಸಿ, ಶೋಧಿಸಿ, ನಿಂಬೆರಸ, ಏಲಕ್ಕಿ, ಶುಂಠಿ, ಮೆಣಸಿನ ಪುಡಿ ಬೆರೆಸಿದ ಪಾನಕ, ಹಸಿಮೆಣಸು ಇಂಗು ಕರಿಬೇವಿನ ನೀರುಮಜ್ಜಿಗೆ, ಅದೇ ಕೋಸಂಬರಿ, ಇಷ್ಟೇ. ಕರಬೂಜದ ಹಣ್ಣನ್ನು ಕಿವುಚಿ ಹಾಕುವವರೂ ಉಂಟು. ಕಷ್ಟವಿರುವುದು ವಿತರಣೆಯಲ್ಲಿ. ಒಂದು ಬೀದಿಯಲ್ಲಿ ಹತ್ತು ಮನೆಗಳಿದ್ದು, ಪ್ರತಿಯೊಂದು ಮನೆಯವರೂ ಉಳಿದ ಒಂಬತ್ತು ಮನೆಗಳಿಗೆ ಒಂದೊಂದು ಚೊಂಬು ಪಾನಕ ಕೊಟ್ಟರೆ, ಸಂಜೆಯ ವೇಳೆಗೆ ಪ್ರತಿ ಮನೆಯಲ್ಲಿಯೂ ತನ್ನದಲ್ಲದ ಒಂಬತ್ತು ಚೊಂಬು ಪಾನಕ ಸೇರಿರುತ್ತದೆ. ಬಂದ ಚೊಂಬನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ಸಂಪ್ರದಾಯವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಗಣಿತವು ಇನ್ನೂ ಜಟಿಲವಾಗುತ್ತದೆ. ಫ್ರಿಜ್ಜಿನಲ್ಲಿ ಒಬ್ಬಟ್ಟಿನ ಸಾರಿನ ಪಾತ್ರೆ ಇನ್ನೂ ತೆರವಾಗದ ಕಾರಣ, ನಿಂಬೆಯದು, ಕರಬೂಜದ್ದು, ಶುಂಠಿ ಜಾಸ್ತಿಯಾದದ್ದು, ಬೆಲ್ಲ ಸಾಲದ್ದು ಎಲ್ಲವನ್ನೂ ಒಂದೇ ಕೊಳಗಕ್ಕೆ ಸುರಿದು, ಭಜನೆ ಮುಗಿಸಿ ಬಂದವರಿಗೆ ಲೋಟಗಳಲ್ಲಿ ಕೊಡಲಾಗುತ್ತದೆ. ಬಂದವರಲ್ಲಿ ಎಂಟು ಮಂದಿ ಅದೇ ಬೀದಿಯವರು. ಅವರು ಒಂದು ಗುಟುಕು ಕುಡಿದು, ತಮ್ಮ ಮನೆಯಲ್ಲಿ ಈ ಹದ ಎಂದೂ ಬರುವುದಿಲ್ಲವೆಂದು ಹೊಗಳಿ, ಇದಕ್ಕೆ ಏನು ಹಾಕಿದಿರಿ ಎಂದು ಕೇಳುತ್ತಾರೆ. ಮೆಣಸು ಒಂದು ಚೂರು ಮುಂದಾಗಿರಬೇಕು ಎಂದು ಗೃಹಿಣಿಯು ಕೊಳಗದಿಂದ ತಲೆಯೆತ್ತದೆ ಉತ್ತರಿಸಿ, ಎರಡನೆಯ ಲೋಟ ಹಾಕುತ್ತಾಳೆ.